ಎಡಗಡೆ ಕಂಬದ ಕಾಕಾ

ಕಾಕಾ ಅವರ ಬಲಗಿವಿಯ ಮೇಲೆ ಸದಾ ಒಂದು ಕೆಂಪು ಮಾರ್ಕರ್ ಪೆನ್ನು ಕೂತಿರುತ್ತಿತ್ತು. ಅದರ ಮುಚ್ಚಳ ಸಡಿಲ. ಕಿವಿಯ ಅಂಚಿಗೆಲ್ಲ ಬಣ್ಣ ಮೆತ್ತಿಕೊಂಡು, ಯಾರೋ ಈಗಷ್ಟೇ ಕಿವಿ ಹಿಂಡಿ ಕಳಿಸಿದವರ ಹಾಗೆ ಕಾಣುತ್ತಿದ್ದರು.

ಡಿಪ್ಲೊಮಾ ಮುಗಿಸಿ ಪೀಣ್ಯದ ಆ ಕಾರ್ಖಾನೆಗೆ ಟ್ರೈನಿಯಾಗಿ ಸೇರಿದ ದಿನ ನನ್ನನ್ನು ಇನ್‌ಸ್ಪೆಕ್ಷನ್ ಮೇಜಿನಲ್ಲಿ ಅವರ ಪಕ್ಕ ಕೂರಿಸಿದರು. ಗದಗದ ಕಡೆಯವರು, ಕಿವಿ ಗಡಚಿಕ್ಕುವ ಪ್ರೆಸ್ ಶಾಪಿನಲ್ಲಿ ಹದಿನೈದು ವರ್ಷ ದುಡಿದು ಆಮೇಲೆ ಈ ಮೇಜಿಗೆ ಬಂದವರು. ಫ್ಯಾಕ್ಟರಿಗೆಲ್ಲ ಅವರು ಕಾಕಾ. ಎರಕ ಹೊಯ್ದ ಕಬ್ಬಿಣದ ಪೀಸನ್ನು ಕೊಕ್ಕೆಗೆ ನೇತುಹಾಕಿ, ಪುಟ್ಟ ಮರದ ಸುತ್ತಿಗೆಯಿಂದ ಒಮ್ಮೆ ತಟ್ಟಿ, ಕಣ್ಣು ಮುಚ್ಚಿ ಕೇಳುವುದು ಅವರ ಕೆಲಸ. ಸರಿಯಿದ್ದರೆ ಪೀಸು ಗುಂಯ್ ಎಂದು ಹಾಡುತ್ತದೆ, ಒಳಗೆ ಬಿರುಕಿದ್ದರೆ ಒಡೆದ ಮಡಕೆಯಂತೆ ಬೊದ್ದು ಸದ್ದು. ಒಳ್ಳೆಯದಕ್ಕೆ ಕೆಂಪು ಟಿಕ್, ತಿದ್ದಬೇಕಾದದ್ದಕ್ಕೆ ಸುತ್ತು, ಕೆಟ್ಟದ್ದಕ್ಕೆ ಅಡ್ಡಗೀಟು. ನಾನು ಪ್ರೆಸ್ ಶಾಪಿನತ್ತ ಹೊರಟರೆ ಸಾಕು, ಇಯರ್ ಪ್ಲಗ್ ಕೈಗೆ ತುರುಕುತ್ತಿದ್ದರು. “ನಮ್ಮ ಕಾಲದಾಗ ಯಾರೂ ಹಾಕ್ಕೊಳ್ಳಲಿಲ್ಲ. ನೀ ಹಾಕ್ಕೋ ತಂಗಿ, ಸುಮ್ನ ಹಾಕ್ಕೋ.”

ಸೇರಿದ ಎರಡನೇ ವಾರ, “ಭಾನುವಾರ ಏನ್ ಮಾಡ್ತಿ?” ಎಂದು ಕೇಳಿದರು. ಹಾಡು ಕೇಳಲು ಹೋಗೋಣ ಎಂದಾಗ ನಾನು ಯಾವುದೋ ಭಜನಾ ಮಂಡಳಿ ಇರಬೇಕೆಂದುಕೊಂಡು ಚೂಡಿದಾರದ ಮೇಲೆ ಮಲ್ಲಿಗೆ ಬೇರೆ ಮುಡಿದು ಹೊರಟೆ. ಕರೆದುಕೊಂಡು ಹೋಗಿದ್ದು ಮಾದನಾಯಕನಹಳ್ಳಿಯ ಒಂದು ಖಾಲಿ ಗೋದಾಮಿಗೆ. ಭಾನುವಾರ ಸುತ್ತಲಿನ ಘಟಕಗಳೆಲ್ಲ ಮುಚ್ಚಿರುತ್ತವೆ, ಎಷ್ಟು ಗದ್ದಲ ಮಾಡಿದರೂ ದೂರುವವರಿಲ್ಲ. ತಗಡಿನ ಚಾವಣಿಯ ಕೆಳಗೆ, ಮೂರು ಗಂಟೆಯ ಬಿಸಿಲಿಗೆ, ಉದ್ದ ಕೂದಲಿನ ನಾಲ್ವರು ಹುಡುಗರು ತಾವೇ ಬರೆದ ಕನ್ನಡ ಹಾಡುಗಳನ್ನು ಗಿಟಾರು, ಡ್ರಮ್ಮು ಇಟ್ಟುಕೊಂಡು ಹಾಡುತ್ತಿದ್ದರು. ಬಾಡಿಗೆ ರೂಮಿನ ಬಗ್ಗೆ ಒಂದು ಹಾಡು, ಶಿಫ್ಟ್ ಬಸ್ಸಿನ ಬಗ್ಗೆ ಒಂದು. ನನ್ನ ಬದುಕೂ ಹಾಡಾಗಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಮಲ್ಲಿಗೆ ಮುಡಿದದ್ದು ದಂಡವಾಗಲಿಲ್ಲ.

ಅಭಿಮಾನಕ್ಕೂ ಕಾಕಾ ಬಳಿ ಕಾನೂನುಗಳಿದ್ದವು. ಸಿನಿಮಾ ಹಾಡು ಹಾಡಿ ಎಂದು ಕೂಗುವಂತಿಲ್ಲ. ಮೊಬೈಲು ಎತ್ತಿ ಹಿಡಿಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಮೆಚ್ಚಿನ ತಂಡ ಕೊನೆಗೆ ಬರುವುದಾದರೂ ನಾವು ಮೊದಲ ತಂಡದ ಹೊತ್ತಿಗೇ ಅಲ್ಲಿರಬೇಕು. “ಯಾರೂ ಇಲ್ಲದ ಶೆಡ್ಡಿನ್ಯಾಗ ಹಾಡಾಕ ಧೈರ್ಯ ಬೇಕಾಕ್ಕೈತಿ. ಅವರ ಮುಂದ ನಾವರ ನಿಂದರೂಣು” ಎನ್ನುತ್ತಿದ್ದರು. ಎಷ್ಟೋ ಸಲ ಮೊದಲ ತಂಡಕ್ಕೆ ಕೇಳುಗರೆಂದರೆ ನಾವಿಬ್ಬರೇ. ಅವರು ಎಡಗಡೆ ಕಂಬಕ್ಕೆ ಒರಗಿ, ಹಾಡಿಗೊಂದರಂತೆ ಕೈ ಹಿಂಭಾಗದಲ್ಲಿ ಟಿಕ್ಕೋ ಸುತ್ತೋ ಬರೆದುಕೊಳ್ಳುತ್ತಿದ್ದರು. ಆಟ ಮುಗಿದ ಮೇಲೆ ಹುಡುಗರು ಆ ಕೈ ಹಿಡಿದು ನೋಡಲು ನೂಕಾಡುತ್ತಿದ್ದರು. ಸೋಮವಾರ ಮೇಜಿನ ಮುಂದೆ ಕೂತಾಗಲೂ ಆ ಗುರುತು ಪೂರ್ತಿ ಅಳಿಸಿರುತ್ತಿರಲಿಲ್ಲ.

ಅವರಿಗೆ ಈ ಮರ್ಯಾದೆ ಸುಮ್ಮನೆ ಸಿಕ್ಕಿದ್ದಲ್ಲ. ಆ ಮೊದಲ ಭಾನುವಾರವೇ ಕಣ್ಣಾರೆ ಕಂಡೆ. ಆಟ ಮುಗಿದದ್ದೇ ಕಾಕಾ ನೇರ ಡ್ರಮ್ ಬಾರಿಸುವ ಹುಡುಗನ ಹತ್ತಿರ ಹೋಗಿ, “ತಮ್ಮಾ, ನಿನ್ನ ಬಲಗಡೆ ತಾಟು ಸೀಳೈತಿ” ಎಂದರು. ಸಿಂಬಲ್ಲಿಗೆ ಅವರು ತಾಟು ಎನ್ನುತ್ತಿದ್ದರು. ಹುಡುಗ ನಕ್ಕ. “ಹೊಸದು ಕಾಕಾ, ತಗೊಂಡು ಎರಡು ತಿಂಗಳೂ ಆಗಿಲ್ಲ.” ಆದರೂ ಬಿಚ್ಚಿ ಬೆಳಕಿಗೆ ಹಿಡಿದ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. “ಏನ್ ಗುರು ಇವ್ರ ಕಿವಿ!” ಎಂದು ಕೂಗಿದ. ಅಂದಿನಿಂದ ಪ್ರತಿ ಆಟಕ್ಕೆ ಮೊದಲು ಅವನು ಮೂರು ತಾಟನ್ನೂ ಒಂದೊಂದು ಸಲ ಬಾರಿಸಿ ಎಡಗಡೆ ಕಂಬದತ್ತ ನೋಡುವುದು, ಕಾಕಾ ಹೆಬ್ಬೆರಳು ಎತ್ತುವುದು, ಆಮೇಲೆಯೇ ಹಾಡು ಶುರುವಾಗುವುದು. ನಾಗಸಂದ್ರದಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಕಾಡುಗೋಡಿಗೆ ಹೋದಾಗಲೂ ಇದೇ ಪದ್ಧತಿ. ನಮ್ಮಂಥ ಅಭಿಮಾನಿಗಳು ಈ ಊರಲ್ಲಿ ಇನ್ನಿಬ್ಬರಿಲ್ಲ ಎಂದು ನನಗೆ ಸೊಕ್ಕೇ ಬಂದಿತ್ತು. ಈಗಲೂ ಇಳಿದಿಲ್ಲ.

ಮೂರನೇ ವರ್ಷ ತಂಡ ಹೊಸ ಹಾಡುಗಳನ್ನು ಕಟ್ಟಿತು. ಕಾಕಾ ಕೈಯಲ್ಲಿ ಬರೀ ಸುತ್ತು. “ಯಾಕೋ ತಾಟು ಬಾರಿಸೂದ ಬಿಟ್ಟಿಯಲ್ಲೋ” ಎಂದು ಹುಡುಗನನ್ನು ಬೈದರು. ಅವನು ಪೆಚ್ಚಾದ. ಮುಂದಿನ ಆಟದಲ್ಲಿ ಪಾಪ, ತೋಳು ಕಳಚುವ ಹಾಗೆ ಬಾರಿಸಿದ. ನನ್ನ ಕಿವಿಯೊಳಗೆ ಝಲ್ಲೆಂದಿತು. ಕಾಕಾ ಮತ್ತೆ ಸುತ್ತು ಬರೆದರು. ನನಗೆ ಆಗಲೇ ಗೊತ್ತಾಯಿತು: ತಾಟು ಎಲ್ಲೂ ಹೋಗಿಲ್ಲ, ಹೋಗುತ್ತಿರುವುದು ಕಾಕಾ ಕಿವಿ. ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ಕಿವಿ ಹೋದರೆ ಅವರ ಮೇಜೂ ಹೋಗುತ್ತದೆ, ಭಾನುವಾರವೂ ಹೋಗುತ್ತದೆ. ಅದನ್ನು ಹೇಳುವವಳು ನಾನೇಕಾಗಬೇಕು ಎನ್ನುವ ಹೇಡಿತನ.

ಎರಡು ವಾರ ಕಳೆದ ಮೇಲೆ ಒಂದು ದಿನ ಅವರು ಒಂದು ಪೀಸು ತಟ್ಟಿ ಟಿಕ್ ಹಾಕಿದರು. ಸದ್ದು ಬೊದ್ದಾಗಿತ್ತು. ಅದು ಯಾವುದೋ ಲಾರಿಯ ಬ್ರೇಕಿಗೆ ಹೋಗುವ ಭಾಗ. ಅದನ್ನು ವಾಪಸ್ ತೆಗೆದು ಕೊಕ್ಕೆಗೆ ಹಾಕಿ, “ಕಾಕಾ, ಇನ್ನೊಂದ್ ಸಲ ತಟ್ಟಿ” ಎಂದೆ. ಅವರು ತಟ್ಟಿದರು. ಪೀಸಿನ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದರು.

“ನಿನಗ ಕೇಳಿಸ್ತೇನು?”

“ಹೂಂ.”

ಬಿರುಕು ತೋರಿಸುವ ಬಣ್ಣ ಹಚ್ಚಿ ಒರೆಸಿ ನೋಡಿದರೆ ಸಣ್ಣ ಕೆಂಪು ಗೀರು ಎದ್ದಿತು. ಕಾಕಾ ಎದ್ದು ಸೂಪರ್‌ವೈಸರ್ ಬಳಿ ಹೋಗಿ, ತಾವು ಟಿಕ್ ಹಾಕಿದ, ಇನ್ನೂ ಕಾರ್ಖಾನೆಯಿಂದ ಹೊರಹೋಗದ ಮಾಲನ್ನೆಲ್ಲ ತಡೆದು ಮತ್ತೆ ಪರೀಕ್ಷಿಸಬೇಕೆಂದರು. ಸೂಪರ್‌ವೈಸರ್ ಒಳ್ಳೆಯವರೇ. “ಕಾಕಾ, ಇದನ್ನ ಬರೆದುಕೊಟ್ರೆ ನಿಮ್ಮ ಮೇಜು ಹೋಗುತ್ತೆ ಕಣ್ರೀ” ಎಂದು ತಗ್ಗಿದ ದನಿಯಲ್ಲಿ ಹೇಳಿದರು.

“ಹೋಗ್ಲಿ ಬಿಡ್ರಿ ಸಾರ್. ಪೀಸು ಹೋಗಬಾರ್ದು.”

ಸಂಜೆ ಆ ಮರದ ಸುತ್ತಿಗೆಯನ್ನು ನನ್ನ ಕೈಗಿಟ್ಟರು. ನನಗೆ ಅಳು ಬಂತು, ಎರಡು ವಾರ ಸುಮ್ಮನಿದ್ದೆನೆಂದು ಒಪ್ಪಿಕೊಂಡೆ. “ಅದ ತಪ್ಪು ತಂಗಿ” ಎಂದರು. ಅವರನ್ನು ಸ್ಟೋರ್ಸಿಗೆ ಹಾಕಿದರು. ಮುಂದಿನ ಭಾನುವಾರ ಡ್ರಮ್ ಹುಡುಗನ ಹತ್ತಿರ ಹೋಗಿ, “ನಿನ್ನ ತಾಟು ಸರಿ ಐತಿ. ನಾನ ತಪ್ಪು ಕೇಳಿದ್ದೆ” ಎಂದಷ್ಟೇ ಹೇಳಿ ಬಂದರು.

ಆದರೆ ಹಾಡು ಬಿಡಲಿಲ್ಲ. ಅಂಗೈಯನ್ನು ಸ್ಪೀಕರ್ ಪೆಟ್ಟಿಗೆಗೆ ಒತ್ತಿ ನಿಲ್ಲುತ್ತಿದ್ದರು. ತಾಟು ಬಾರಿಸಿದಾಗ ಪಕ್ಕದಲ್ಲಿ ನಾನು ಸಣ್ಣಗೆ ತಲೆಯಾಡಿಸುತ್ತಿದ್ದೆ, ಅದನ್ನು ಓರೆಗಣ್ಣಿನಲ್ಲಿ ನೋಡಿ ಅವರು ಹೆಬ್ಬೆರಳು ಎತ್ತುತ್ತಿದ್ದರು. ಯಾರಿಗೂ ತಿಳಿಯದ ಹಾಗೆ ನಡೆಸಿದ್ದೇವೆಂದು ನಮ್ಮಿಬ್ಬರಿಗೂ ಹೆಮ್ಮೆ.

ಹೋದ ವರ್ಷ ಕಾಕಾ ಹೃದಯಾಘಾತದಿಂದ ಹೋಗಿಬಿಟ್ಟರು. ಅದಾದ ಮೂರನೇ ಭಾನುವಾರ ಆಟವಿತ್ತು. ಮೊದಲ ತಂಡ ಖಾಲಿ ಗೋದಾಮಿಗೆ ಹಾಡುತ್ತಿದ್ದಾಗ ಕಂಬದ ಬಳಿ ನಾನೊಬ್ಬಳೇ ನಿಂತಿದ್ದೆ. ಆಮೇಲೆ ಜನ ತುಂಬಿದರು. ನಮ್ಮ ತಂಡ ಬಂತು. ಡ್ರಮ್ ಹುಡುಗ ಮೂರು ತಾಟನ್ನೂ ಬಾರಿಸಿ ಕಂಬದತ್ತ ನೋಡಿದ. ಎಲ್ಲರೂ ನನ್ನತ್ತ ತಿರುಗಿದರು. ಆ ಹೊತ್ತಿನಲ್ಲಿ ಹೆಬ್ಬೆರಳು ಎತ್ತುವುದು ಬಹಳ ಸುಲಭವಿತ್ತು, ಇಡೀ ಗೋದಾಮಿಗೆ ಬೇಕಾಗಿದ್ದೂ ಅದೇ.

ಮೂರನೆಯದು ಬೊದ್ದಾಗಿತ್ತು. ನಾನು ಅಡ್ಡಡ್ಡ ತಲೆಯಾಡಿಸಿದೆ.

ಹುಡುಗ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದ, ಅಂಚಿನ ಮೇಲೆ ಬೆರಳಾಡಿಸಿದ, ಒಂದು ಕಡೆ ಬೆರಳು ನಿಂತಿತು. ತಾಟನ್ನು ಪಕ್ಕಕ್ಕಿಟ್ಟು ಉಳಿದೆರಡರಲ್ಲೇ ಆಟ ಮುಗಿಸಿದ. ಕೊನೆಯಲ್ಲಿ ಕೆಳಗಿಳಿದು ಬಂದು, “ಅಕ್ಕ, ಕಾಕಾ ನಿಮ್ಮನ್ನ ನೋಡೇ ಹೆಬ್ಬೆರಳು ಎತ್ತೋದು ನಂಗೆ ಮೊದಲಿಂದ ಗೊತ್ತಿತ್ತು” ಎಂದ. ಕಣ್ಣು ಒರೆಸಿಕೊಂಡು, “ಕೈ ತೋರ್ಸಿ” ಎಂದ.

ತೋರಿಸಿದೆ. ಹತ್ತು ಹಾಡಿಗೆ ಎಂಟು ಟಿಕ್ಕು, ಎರಡು ಸುತ್ತು. ಆ ಎರಡು ಸುತ್ತು ಯಾಕೆಂದು ಅವನು ಜಗಳಕ್ಕೇ ನಿಂತ. ನಾನು ಬಿಟ್ಟುಕೊಡಲಿಲ್ಲ.