ಎಳ್ಳ ಅಮಾವಾಸ್ಯೆಗೆ ಜೀಪಿನಿಂದ ಚೆಲ್ಲಿದ ಚರಗ

ನನ್ನ ಮೊಮ್ಮಗಳ ಕೆಲಸ ಖಾಯಂ ಆಯಿತು! ಆ ಎಳ್ಳ ಅಮಾವಾಸ್ಯೆಯ ದಿನ ನಮ್ಮೂರು ಅಸೂಟಿಯಲ್ಲಿ ಬಸ್ಸಿಳಿದವಳೇ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳಿದೆ. ಹೇಳುತ್ತ ಅತ್ತೆ, ಅಳುತ್ತ ನಕ್ಕೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಇಷ್ಟು ಸಂತೋಷವನ್ನು ಬರೆಯಲು ಬರುತ್ತದೋ ಇಲ್ಲವೋ, ಬರೆಯದೆ ಇರಲಂತೂ ಆಗುವುದಿಲ್ಲ. ಯಾಕೆಂದರೆ ಅವತ್ತು ಆ ಕೆಲಸ ಕಳೆಯಲು ಹೊರಟವಳೂ ನಾನೇ.

ನಮ್ಮ ಕಡೆ ಮೊಬೈಲು ಆಗತಾನೇ ಬಂದಿತ್ತು. ಮಗನ ಮಗಳು ಗಜೇಂದ್ರಗಡದಲ್ಲಿ ಒಂದು ಸಣ್ಣ ಸಂಸ್ಥೆ ಸೇರಿದ್ದಳು. ಪೇಟೆಯ ಜನರನ್ನು ಜೀಪಿನಲ್ಲಿ ಕರೆದೊಯ್ದು ಹೊಲದ ಚಿಗರಿ, ಗುಡ್ಡದ ತೋಳ ತೋರಿಸುವ ಕೆಲಸ. ಒಂದು ತಿಂಗಳು ಪರೀಕ್ಷೆ. ಕೊನೆಯ ದಿನ ಸಾಹೇಬರು ತಾವೇ ಜೊತೆಗೆ ಬಂದು ನೋಡಿ, ಇಟ್ಟುಕೊಳ್ಳುವುದೋ ಮನೆಗೆ ಕಳಿಸುವುದೋ ಹೇಳುವವರಿದ್ದರು. ಆ ದಿನವೇ ಅಮಾವಾಸ್ಯೆ ಬಂತು. ಹಬ್ಬಕ್ಕೆ ಹುಡುಗಿ ಉಪವಾಸ ಬೀಳಬಾರದೆಂದು ನಸುಕಿನಲ್ಲೇ ಸಜ್ಜೆ ಕಡುಬು, ರೊಟ್ಟಿ ಮಾಡಿ ಬುಟ್ಟಿಗೆ ತುಂಬಿ ಮೊದಲ ಬಸ್ಸಿಗೆ ಹೋದೆ.

“ಒಂದು ಸೀಟ ಖಾಲಿ ಐತಿ, ನೀವೂ ಹತ್ರಿ ಅಮ್ಮಾ,” ಎಂದರು ಸಾಹೇಬರು.

ನರಗುಂದದಿಂದ ಬಂದ ನಾಲ್ವರು, ಸಾಹೇಬರು, ಎಲ್ಲರ ಹಿಂದೆ ತೆರೆದ ಅಂಚಿಗೆ ನಾನು. ಮೊಮ್ಮಗಳು ಮುಂದೆ ಡ್ರೈವರನ ಪಕ್ಕ. “ಯಾರೂ ಕೆಳಗ ಇಳೀಬ್ಯಾಡ್ರಿ. ಜೋರ್ ಮಾತಾಡಬ್ಯಾಡ್ರಿ. ಪ್ರಾಣಿಗೆ ತಿನ್ನಾಕ ಏನೂ ಒಗೀಬ್ಯಾಡ್ರಿ,” ಎಂದು ಎಲ್ಲರ ಮುಖ ನೋಡಿ ಹೇಳಿದಳು. ನಾನೂ ತಲೆಯಾಡಿಸಿದೆ.

ದಾರಿಯುದ್ದಕ್ಕೂ ಹೊಲಹೊಲದಲ್ಲಿ ಜನ ಚರಗ ಚೆಲ್ಲುತ್ತಿದ್ದರು. ಹಬ್ಬದ ಅಡುಗೆಯನ್ನು ನಾವು ಉಣ್ಣುವ ಮೊದಲು ಭೂಮಿತಾಯಿಗೆ ಎರಚುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ನನ್ನ ಕೈ ತಡೆಯಲಿಲ್ಲ. ಇದು ಪ್ರಾಣಿಗೆ ಕೊಡುವುದಲ್ಲವಲ್ಲ, ತಾಯಿಗೆ ಕೊಡುವುದು. ಸದ್ದು ಮಾಡಬೇಡಿ ಎಂದಿದ್ದಳೆಂದು ಚರಗದ ಜೊತೆ ಹಾಕುವ ಕೂಗು ಹಾಕದೆ, ಕಡುಬು ಮುರಿಮುರಿದು ಹಿಂದಕ್ಕೆ ಚೆಲ್ಲುತ್ತ ಹೋದೆ. ಕುರಿಹಟ್ಟಿಯ ಮೂರು ನಾಯಿಗಳು ಎದ್ದು ಆರಿಸಿ ತಿನ್ನುತ್ತ ಜೀಪಿನ ಹಿಂದೆಯೇ ಬಂದವು. ತಿನ್ನಲಿ ಬಿಡು, ಅವಕ್ಕೂ ಹಬ್ಬ ಅಂದುಕೊಂಡೆ.

ಗುಡ್ಡದ ಬುಡದಲ್ಲಿ ಮೊಮ್ಮಗಳು ಕೈ ಎತ್ತಿದಳು. ಜೀಪು ನಿಂತಿತು. ಕಾರೆಕಂಟಿಯ ಮುಳ್ಳುಪೊದೆಯ ಕೆಳಗೆ, ಬಿಲದ ಬಾಯಲ್ಲಿ ಎರಡು ತೋಳದ ಮರಿ. ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ತಾಯಿ ಇರಲಿಲ್ಲ. ನರಗುಂದದವರಲ್ಲಿ ಒಬ್ಬ ಕ್ಯಾಮೆರಾ ಎತ್ತಿದ.

ಹಿಂದೆ ನಾಯಿಗಳ ಏದುಸಿರು ಕೇಳಿಸಿತು.

ಆಕೆ ತಿರುಗಿ ನಾಯಿ ನೋಡಿದಳು, ಬುಟ್ಟಿ ನೋಡಿದಳು. “ಆಯಿ, ಏನ್ ಮಾಡಿದಿ ಬೇ?”

“ಚರಗ ಚೆಲ್ಲೀನಿ, ನನ್ನವ್ವಾ...”

ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. “ಗಾಡಿ ತಿರುವಣ್ಣಾ,” ಎಂದಳು ಡ್ರೈವರನಿಗೆ.

ಕ್ಯಾಮೆರಾ ಹಿಡಿದವನು ಗೊಣಗಿದ. “ಎರಡ ನಿಮಿಷ ನಿಲ್ರಿ. ಇದಕ್ಕಂತನ ಬಂದೇವಿ.”

“ಎರಡ ನಿಮಿಷದಾಗ ನಾಯಿ ಮರಿ ಹರದ ಹಾಕ್ತಾವ್ರಿ.”

ಆಕೆ ಹಿಂದಕ್ಕೆ ದಾಟಿ ಬಂದು ಬುಟ್ಟಿಯನ್ನು ಅಂಚಿನ ಹೊರಗೆ ಹಿಡಿದಳು. ಜೀಪು ನಿಧಾನವಾಗಿ ಹೊರಟಿತು. ಎರಡು ನಾಯಿ ವಾಸನೆಗೆ ಬೆನ್ನು ಹತ್ತಿದವು. ಮೂರನೆಯದು, ಕರಿಯದು, ಗುಡ್ಡದ ಕಡೆ ಕಿವಿ ನಿಗುರಿಸಿ ಅಲ್ಲೇ ನಿಂತಿತು. ಒಂದು ಹೆಜ್ಜೆ ಇಟ್ಟಿತು. ಇನ್ನೊಂದು. ಸಾಹೇಬರು ನನ್ನನ್ನೇ ನೋಡುತ್ತಿದ್ದರು. ನಾಲಿಗೆ ಲೊಚಗುಟ್ಟಿ, ಮನೆಯ ನಾಯಿಯನ್ನು ಕರೆಯುವ ಹಾಗೆ ಕರೆದೆ. ಅದು ತಿರುಗಿ ನೋಡಿತು. ಮತ್ತೆ ಕರೆದೆ. ಬಾಲ ಆಡಿಸಿತು. ಕೊನೆಗೆ ಓಡಿ ಬಂತು.

ಕುರಿಹಟ್ಟಿಯವರೆಗೂ ಹಾಗೇ ಕರೆತಂದೆವು. ಕುರುಬ ನಾಯಿಗಳನ್ನು ಕಟ್ಟುತ್ತ ನಕ್ಕ. “ಎಳ್ಳಮಾಸಿ ಊಟ ನನಗ ಇಲ್ಲ, ನನ್ನ ನಾಯಿಗೆ ಆತೇನಬೇ?” ಆಮೇಲೆ ಕಣ್ಣು ಸಣ್ಣ ಮಾಡಿ ಕೇಳಿದ, “ಅತ್ತಾಗ ಏನ್ ಕಂಡ್ರಿ? ತೋಳ ಅದಾವೇನು?”

ಹೋದ ತಿಂಗಳಷ್ಟೇ ತೋಳದ ಬಾಯಿಗೆ ಎರಡು ಕುರಿ ಕಳೆದುಕೊಂಡವನು. ಬಿಲ ಎಲ್ಲಿದೆ ಎಂದು ಗೊತ್ತಾದರೆ ಮರಿಗಳನ್ನು ಉಳಿಸುವವನಲ್ಲ. ಕ್ಯಾಮೆರಾದವನು ಬಾಯಿ ತೆರೆದ. ಮೊಮ್ಮಗಳು ಅವನನ್ನು ನೋಡಲೇ ಇಲ್ಲ, ಕುರುಬನಿಗೇ ಹೇಳಿದಳು, “ಕಂಡದ್ದು ಹೇಳಬಾರದು ಅನ್ನೂದು ನಮ್ಮ ಕೆಲಸದಾಗ ರೂಢಿ ಐತಿ ಕಾಕಾ. ಸಂಜೀತನಾ ನಾಯಿ ಬಿಡಬ್ಯಾಡ್ರಿ. ತಪ್ಪು ನಂದು, ಆಯಿ ಬುಟ್ಟಿ ನಾನ ನೋಡಬೇಕಿತ್ತು.”

ಕ್ಯಾಮೆರಾದವನು ಬಾಯಿ ಮುಚ್ಚಿದ. ಕುರುಬ ಗುಡ್ಡದತ್ತ ಒಮ್ಮೆ ನೋಡಿ, “ಆತು ತಗೋ ಮಗಳ,” ಎಂದು ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ.

ಜೀಪು ಗಜೇಂದ್ರಗಡ ಮುಟ್ಟಿತು. ಇಳಿದ ಕೂಡಲೇ ನಾನು ಸಾಹೇಬರಿಗೆ ಕೈಮುಗಿದೆ. “ನನ್ನ ಬೈರಿ, ಹುಡುಗೀನ್ನ ಬಿಡಬ್ಯಾಡ್ರಿ.”

“ನಿಮ್ಮನ್ನಂತೂ ಇನ್ನೊಮ್ಮೆ ಹತ್ತಿಸಂಗಿಲ್ರಿ ಅಮ್ಮಾ,” ಎಂದರು. “ಆದ್ರ ಎದುರಿಗೆ ಮರಿ ಇದ್ದಾಗ ಗಾಡಿ ತಿರುವೋ ಧೈರ್ಯ ನಮ್ಮಾಗ ಎಷ್ಟ ಮಂದಿಗೆ ಐತಿ? ನಾಳೆಯಿಂದ ಈಕಿ ನಮ್ಮಾಕಿ.”

ಹಬ್ಬ ಮಾಡಿ ಬಾ ಎಂದು ಆಕೆಯನ್ನು ನನ್ನ ಜೊತೆಗೇ ಕಳಿಸಿದರು. ಸಂಜೆ ಮಗ, ಸೊಸೆ, ಮಕ್ಕಳು ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕುಳಿತೆವು. ಮಗ ತನ್ನ ಮಗಳಿಂದ ಎಲ್ಲ ಕೇಳಿ ನನ್ನ ಕಡೆ ನೋಡಿ ಗದರಿಸಲು ಹೊರಟ, ನಗು ತಡೆಯದೆ ನೀರು ಕುಡಿದ. ಬೆಳಗಿನಿಂದ ಒಂದು ತುತ್ತೂ ಮುಟ್ಟದ ಮೊಮ್ಮಗಳು ಪುಂಡಿಪಲ್ಯ ಹಚ್ಚಿಕೊಂಡು ಮೂರು ರೊಟ್ಟಿ ಉಂಡಳು. “ಅವ್ವಾ, ಇನ್ನೊಂದು,” ಎಂದಳು. ಸೊಸೆ ಬಿಸಿಯದನ್ನೇ ತಂದು ಬಡಿಸಿದಳು.