ಸೀಸರ್‌ನ ಸೊಂಟ, ಅಣ್ಣನ ಸಿಟ್ಟು

ಹೆಣ್ಣಿನ ಕಡೆಯವರು ಗಂಡು ಕೇಳಿಕೊಂಡು ಬರುವುದು ಹೊಸದೇನಲ್ಲ. ಆದರೆ ಹೋದ ತಿಂಗಳು ನಮ್ಮ ಮನೆಗೆ ಬಂದವರು ಹೆಣ್ಣನ್ನೂ ಜೀಪಿನಲ್ಲಿ ಕೂರಿಸಿಕೊಂಡೇ ಬಂದಿದ್ದರು. ಹೆಣ್ಣಿಗೆ ನಾಲ್ಕು ಕಾಲು, ಪೊದೆಯಂಥ ಬಾಲ.

ಬಂದವನು ಗೌನಿಪಲ್ಲಿಯ ನಮ್ಮಣ್ಣ. ಹೆಣ್ಣು, ಅವನ ಮಾವಿನ ತೋಪು ಕಾಯುವ ಅಲ್ಸೇಷಿಯನ್ ರಾಣಿ. ಗಂಡು ನಮ್ಮ ಸೀಸರ್. ಇಡೀ ಕೋಲಾರದಲ್ಲಿ ಅವನಷ್ಟು ಚೆಂದದ ಅಲ್ಸೇಷಿಯನ್ ಇಲ್ಲ. (ನಾನೇ ಹೇಳಬಾರದು, ಏನು ಮಾಡಲಿ, ಬೇರೆ ಯಾರೂ ಹೇಳುತ್ತಿಲ್ಲ.)

"ರಾಣಿನ ಎರಡು ದಿನ ಇಲ್ಲೇ ಬಿಟ್ಟೋಗ್ತೀನಿ ಕಣೇ ಸುಜಾತಾ. ಮರಿಗೆ ಆಗ್ಲೇ ಜನ ಕಾಯ್ತಾವ್ರೆ" ಅಂದ ಅಣ್ಣ.

"ಆಗಲ್ಲ ಅಣ್ಣಾ" ಅಂದೆ.

ನಮ್ಮೆಜಮಾನರು ಕಾಫಿ ಲೋಟ ಎತ್ತಿಕೊಂಡು ಮೆಲ್ಲಗೆ ಒಳಗೆ ಹೋದರು. ಭಾವಮೈದುನನ ಎದುರು ಅವರ ಧೈರ್ಯ ಅಷ್ಟೇ.

ಯಾಕೆ ಆಗಲ್ಲ? ಹೇಳುತ್ತೇನೆ ಕೇಳಿ. ಸೀಸರ್‌ಗೆ ವರ್ಷ ತುಂಬುವ ಹೊತ್ತಿಗೇ ಮಲಗಿದವನು ಏಳುವಾಗ ತಡವರಿಸುತ್ತಿದ್ದ. ಓಡುವಾಗ ಹಿಂಗಾಲೆರಡನ್ನೂ ಜೋಡಿಸಿ ಮೊಲದ ಹಾಗೆ ಕುಪ್ಪಳಿಸುತ್ತಿದ್ದ. ನೋಡಿದವರೆಲ್ಲ ಆಟ ಅಂದುಕೊಂಡು ನಕ್ಕರು. ಒಂದು ಬೆಳಿಗ್ಗೆ ಮಹಡಿ ಮೆಟ್ಟಿಲ ಮುಂದೆ ನಿಂತವನು ಹತ್ತಲಾರದೆ ಕುಂಯ್‌ಗುಟ್ಟಿದ. ಆಮೇಲೆ ಯಾರೂ ನಗಲಿಲ್ಲ. ಟೊಮೆಟೊ ತುಂಬಿದ್ದ ಮೆಟಡಾರ್ ಹತ್ತಿಸಿಕೊಂಡು ಬೆಂಗಳೂರಿಗೆ ಹೋಗಿ ಎಕ್ಸ್‌ರೇ ತೆಗೆಸಿದೆವು.

ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. "ನಿಮ್ಮನೇಲಿ ಒರಳುಕಲ್ಲು ಇದ್ಯಲ್ಲಮ್ಮಾ? ಒರಳು ಆಳ ಇಲ್ದಿದ್ರೆ ಗುಂಡುಕಲ್ಲು ಜಾರಿ ಆಚೆ ಬರುತ್ತೆ. ಇವನ ಸೊಂಟದ ಕೀಲೂ ಹಂಗೇ. ದೊಡ್ಡ ಜಾತಿ ನಾಯಿಗಳಲ್ಲಿ ಇದು ಜಾಸ್ತಿ. ಅಪ್ಪ ಅಮ್ಮನಿಂದ ಬರುತ್ತೆ. ಪೂರ್ತಿ ವಾಸಿ ಆಗಲ್ಲ. ಮೈ ಬೆಳೆಯೋಕೆ ಬಿಡ್ಬೇಡಿ, ಜಾರೋ ನೆಲದ ಮೇಲೆ ಓಡಿಸ್ಬೇಡಿ. ಮುಖ್ಯವಾಗಿ ಇವನಿಂದ ಮರಿ ಮಾಡಿಸ್ಬೇಡಿ."

ಅಂದಿನಿಂದ ಸೀಸರ್‌ಗೆ ಮುದ್ದೆ ಅರ್ಧ. ನುಣ್ಣನೆಯ ಗಾರೆ ನೆಲದ ತುಂಬ ಗೋಣಿತಾಟು. ಮಹಡಿ ಮೆಟ್ಟಿಲಿಗೆ ಅಡ್ಡ ಹಲಗೆ. ದಿನಾ ಬೆಳಿಗ್ಗೆ ಮಣ್ಣು ದಾರಿಯಲ್ಲಿ ನಿಧಾನವಾಗಿ ನಡಿಗೆ. ಬಂದ ನೆಂಟರು "ಏನಮ್ಮಾ, ಮನೇಲೇ ಟೊಮೆಟೊ ಮಂಡಿ ಇಟ್ಟಿದ್ದೀರಾ?" ಅಂತ ಕೇಳಿದರು. ಪಕ್ಕದ ಮನೆ ನಾಗಮ್ಮನವರಂತೂ "ಮೂಕಪ್ರಾಣಿನ ಉಪವಾಸ ಕೆಡವ್ತೀರಲ್ಲ, ಪಾಪ ಬರುತ್ತೆ" ಅಂದುಬಿಟ್ಟರು. ಬರಲಿ ಅಂದುಕೊಂಡೆ. ಸೀಸರ್ ತೆಳ್ಳಗಾದ. ಈಗ ತಡವರಿಸದೆ ಏಳುತ್ತಾನೆ.

ಇಷ್ಟನ್ನೂ ಅಣ್ಣನಿಗೆ ಬಿಡಿಸಿ ಹೇಳಿದೆ. ಅವನು ಸೀಸರ್‌ನನ್ನೇ ದಿಟ್ಟಿಸಿದ. "ಚೆನ್ನಾಗೇ ನಡೀತಾವ್ನಲ್ಲೇ!"

"ನಾವು ನಡೆಸ್ತಿರೋದಕ್ಕೆ ನಡೀತಾನೆ. ಇವನ ಮರಿಗಳನ್ನ ಯಾರಣ್ಣಾ ನಡೆಸ್ತಾರೆ?"

"ಯಾರೋ ಡಾಕ್ಟ್ರು ಏನೋ ಅಂದ ಅಂತ ಅಣ್ಣನ್ನ ವಾಪಸ್ ಕಳಿಸ್ತೀಯೇನೇ?"

"ನಿನ್ನನ್ನ ಯಾರು ಕಳಿಸಿದ್ರು? ಕೈ ತೊಳ್ಕೊ, ಊಟಕ್ಕೇಳು. ರಾಣಿ ಮಾತ್ರ ಜೀಪಲ್ಲೇ ಇರ್ಲಿ."

ಸಿಟ್ಟು ಬಂದರೆ ನಮ್ಮಣ್ಣನಿಗೆ ತೆಲುಗೇ ಬಾಯಿಗೆ ಬರುವುದು. "ನೀ ಕುಕ್ಕನಿ ನುವ್ವೇ ಪೆಟ್ಟುಕೋ!" ನಿನ್ನ ನಾಯೀನ ನೀನೇ ಇಟ್ಟುಕೋ ಅಂತ ಎದ್ದ. ಅವನಿಗೆ ಅಂತಲೇ ಮಾಡಿದ್ದ ಅವರೆಕಾಳು ಸಾರು ಒಲೆ ಮೇಲೇ ಉಳಿಯಿತು. ತವರಿನಿಂದ ಬಂದವನು ಉಣ್ಣದೆ ಹೋದರೆ ಹೇಗಿರುತ್ತದೆ ಅಂತ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕೆ? ಅಡುಗೆಮನೆಯಲ್ಲಿ ಕೂತು ಅತ್ತೆ.

"ಒಂದು ಸಲ ಬಿಟ್ಟಿದ್ರೆ ಏನಾಗ್ತಿತ್ತು?" ಅಂದರು ಯಜಮಾನರು.

"ಇವತ್ತು ಅಣ್ಣ, ನಾಳೆ ನಿಮ್ಮ ಆಫೀಸರು, ನಾಳಿದ್ದು ಇನ್ಯಾರೋ. ಎಷ್ಟು ಜನಕ್ಕೆ ಆಗಲ್ಲ ಅನ್ನೋದು?" ಅಂದೆ. ಮುಂದಿನ ವಾರವೇ ಸೀಸರ್‌ಗೆ ಮಕ್ಕಳಾಗದ ಆಪರೇಷನ್ ಮಾಡಿಸಿದೆ. ("ಮನುಷ್ಯರಿಗೆ ಮಾಡಿದ್ದು ಸಾಲ್ದೂಂತ ನಾಯಿಗೂನಾ?" ಇದು ನಾಗಮ್ಮನವರು.)

ಮೊನ್ನೆ ಅತ್ತಿಗೆ ಸೀರೆ ಕೊಳ್ಳಲು ಕೋಲಾರಕ್ಕೆ ಬಂದವರು ಮನೆಗೂ ಬಂದರು. ನಮ್ಮನೆಯಿಂದ ಹೋದ ಮಾರನೆಯ ದಿನವೇ ಅಣ್ಣ ರಾಣಿಯನ್ನು ಮಾಲೂರಿಗೆ ಕರೆದುಕೊಂಡು ಹೋಗಿದ್ದನಂತೆ. ಅಲ್ಲಿನ ಗಂಡು ನಾಯಿ ಹುಲಿಯ ಹಾಗಿತ್ತಂತೆ.

"ನಿಮ್ಮಣ್ಣ ಅದರ ಎಕ್ಸ್‌ರೇ ತೋರ್ಸಿ ಅಂದ್ರಂತೆ. ನಾಯಿಗೆಂಥ ಎಕ್ಸ್‌ರೇ ಸ್ವಾಮಿ ಅಂತ ಅವ್ರು ನಕ್ಕುಬಿಟ್ರಂತೆ. ಇವ್ರು ಜೀಪು ತಿರುಗ್ಸಿದ್ರು. ರಾಣಿನ ಹಂಗೇ ವಾಪಸ್ ಕರ್ಕೊಂಡ್ಬಂದ್ರು."

ಅಣ್ಣ ನನ್ನ ಜೊತೆ ಇನ್ನೂ ಮಾತಾಡಿಲ್ಲ. ಆಡುತ್ತಾನೆ, ಕಾಯುತ್ತೇನೆ.

ದೊಡ್ಡ ನಾಯಿ ಸಾಕುವ ಆಸೆ ಈಗ ಎಲ್ಲರಿಗೂ ಬಂದಿದೆ. ಮರಿ ತರಲು ಹೋದವರು ಕಿವಿ ನೋಡುತ್ತೀರಿ, ಬಣ್ಣ ನೋಡುತ್ತೀರಿ, ಬಾಯಿ ಬಿಡಿಸಿ ಹಲ್ಲನ್ನೂ ನೋಡುತ್ತೀರಿ. ಅದರ ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ಯಾವತ್ತಾದರೂ ಕೇಳಿದ್ದೀರಾ?