ಶಾಂತಕ್ಕ ನ್ಯಾಶ್‌ವಿಲ್‌ಗೆ ಹೋದದ್ದು

ಇಳಕಲ್ ಸೀರೆಯ ಕೆಳಗೆ ಕೌಬಾಯ್ ಬೂಟು ತೊಡುವ ಹೆಂಗಸನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡದ್ದು ಒಬ್ಬರನ್ನೇ. ವೂರ್‌ಬರ್ಗ್‌ನಲ್ಲಿ ನಮ್ಮವರ ಯುಗಾದಿ ಕೂಟ ನಡೆದಿತ್ತು. ನಾನು ಮೈಸೂರಿನಿಂದ ಈ ಡಚ್ಚರ ದೇಶಕ್ಕೆ ಬಂದು ಮೂರೇ ವಾರವಾಗಿತ್ತು. ಬೇವು ಬೆಲ್ಲದ ಬಟ್ಟಲು ಹಿಡಿದು ಮೂಲೆಯಲ್ಲಿ ನಿಂತಿದ್ದವನ ಮುಂದೆ ಟಕ್ ಟಕ್ ಎಂದು ಸದ್ದು ಬಂತು. ನೋಡಿದರೆ ಕಂದು ಚರ್ಮದ, ಚೂಪು ಮೂತಿಯ, ಪಕ್ಕದಲ್ಲಿ ಹೂಬಳ್ಳಿ ಹೊಲಿದ ಬೂಟು. ಅದರ ಮೇಲೆ ಕೆಂಪು ಸೆರಗಿನ ಸೀರೆ, ಅದರ ಮೇಲೆ ಅಗಲ ಕುಂಕುಮದ ಒಂದು ದುಂಡು ಮುಖ.

"ಬೂಟ್ ನೋಡಾಕತ್ತಿ ಹೌದಿಲ್ಲೋ? ಹೆಂಗದಾವ?" ಎಂದು ಆ ಮುಖ ಕೇಳಿತು.

ಮೈಸೂರಿನವನು ಏನು ಹೇಳುತ್ತಾನೆ? "ತುಂಬಾ ಚೆನ್ನಾಗಿವೆ, ಮೇಡಂ. ನನಗೂ ಇಂಥದ್ದೊಂದು ಇದ್ದರೆ ಅನ್ನಿಸ್ತಿದೆ" ಎಂದೆ.

"ಹೌದೇನು? ನಂಬರ್ ಎಷ್ಟು?"

ಎರಡು ವಾರದ ಮೇಲೆ ನನ್ನ ಮನೆಗೆ ಒಂಬತ್ತನೇ ನಂಬರಿನ ಒಂದು ಜೊತೆ ಬೂಟು ಬಂತು. ಬಾಯಿ ತಪ್ಪಿಯೂ ಸುಳ್ಳಾಡದ ಜನರ ನಡುವೆ ಬದುಕುವುದು ಕಷ್ಟ ಎಂದು ಕೇಳಿದ್ದೆ. ನಾವು ಆಡಿದ ಸುಳ್ಳನ್ನು ನಂಬಿಬಿಡುವವರ ಜೊತೆ ಬದುಕುವುದು ಇನ್ನೂ ಕಷ್ಟ ಎಂದು ಅವತ್ತು ತಿಳಿಯಿತು. ನನ್ನ ಹೆಂಡತಿ ವಿದ್ಯಾ ಆ ಬೂಟಿನೊಳಗೆ ಈಗ ಕೊಡೆ ಇಡುತ್ತಾಳೆ.

ಶಾಂತಕ್ಕ ಬಾಗಲಕೋಟೆ ಕಡೆಯವರು. ಡೆಲ್ಫ್ಟ್‌ನಲ್ಲಿ ಮಣ್ಣು ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದಲ್ಲಿ ಕೆಲಸ. ಐವತ್ತು ದಾಟಿದ್ದರು. ಅವರ ಲೋಕದಲ್ಲಿ ಉಪಚಾರ ಎಂಬ ಪದಾರ್ಥವೇ ಇರಲಿಲ್ಲ. ಮೊದಲ ಸಲ ಅವರ ಮನೆಗೆ ಊಟಕ್ಕೆ ಹೋದಾಗ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದ್ದರು. ಎರಡು ರೊಟ್ಟಿ ಮುಗಿಯುವಷ್ಟರಲ್ಲಿ "ಇನ್ನೊಂದ್ ಹಾಕ್ಲೇನು?" ಎಂದರು. "ಸಾಕು ಅಕ್ಕ" ಎಂದೆ. ನಮ್ಮ ಕಡೆ 'ಸಾಕು' ಎನ್ನುವುದು ಮಾತುಕತೆಯ ಆರಂಭ. ಅವರು 'ಅಯ್ಯೋ ಏನೂ ತಿಂದಿಲ್ಲ' ಎನ್ನಬೇಕು, ನಾನು ಕೈ ಅಡ್ಡ ಹಿಡಿಯಬೇಕು, ಬೆರಳ ಸಂದಿಯಿಂದ ರೊಟ್ಟಿ ಬೀಳಬೇಕು. ಶಾಂತಕ್ಕ ರೊಟ್ಟಿಯ ಬುಟ್ಟಿ ಮುಚ್ಚಿ ಒಳಗೆ ಇಟ್ಟು ಬಂದರು. ನಾನು ಮನೆಗೆ ಬಂದು ಎರಡು ಬ್ರೆಡ್ಡು ತಿಂದು ಮಲಗಿದೆ.

ಮುಂದೊಮ್ಮೆ ಇದನ್ನು ಹೇಳಿಕೊಂಡಾಗ ಅವರು ನಗಲಿಲ್ಲ. "ನಿನ್ನ ಮನಸಿನ್ಯಾಗ ಏನೈತಿ ಅಂತ ಹುಡಕ್ಕೋತ ಕುಂದ್ರಾಕ ನನಗ ಟೈಮ್ ಇಲ್ಲೋ ತಮ್ಮಾ. ಬಾಯಿ ಕೊಟ್ಟಾನ ದೇವರು. ಅದರಾಗಿಂದ ಬಂದಿದ್ದು ಅಷ್ಟ ನಾ ಕೇಳೂದು" ಎಂದರು.

ಬೂಟಿಗೆ ಕಾರಣ ಬುಧವಾರದ ಕುಣಿತ. ಬಹಳ ವರ್ಷಗಳ ಹಿಂದೆ ಗಂಡ ಗುರುಪಾದಪ್ಪ ಮಾಮನ ಜೊತೆ ಇಲ್ಲಿಗೆ ಬಂದಾಗ ಅಕ್ಕನಿಗೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲವಂತೆ. ಪಕ್ಕದ ಮನೆಯ ಡಚ್ ಅಜ್ಜಿಯೊಬ್ಬಳು ಒಂದು ಬುಧವಾರ ಸಂಜೆ ಕೈ ಹಿಡಿದು ಬಡಾವಣೆಯ ಸಮುದಾಯ ಭವನಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಇಪ್ಪತ್ತು ಜನ ಸಾಲಾಗಿ ನಿಂತು, ಸೊಂಟದ ಪಟ್ಟಿಗೆ ಹೆಬ್ಬೆರಳು ಸಿಕ್ಕಿಸಿ, ಅಮೆರಿಕದ ಕಂಟ್ರಿ ಹಾಡುಗಳಿಗೆ ಹೆಜ್ಜೆ ಹಾಕುತ್ತಿದ್ದರು. ಎಡ, ಬಲ, ತಿರುಗು, ನಿಲ್ಲು. ಅಕ್ಕ ಡಚ್ ಭಾಷೆ ಕಲಿತದ್ದೇ ಹಾಗೆ. ಇವತ್ತಿಗೂ ಅವರ ಡಚ್ ಕೇಳಿದರೆ ಯಾರೋ ಪೆರೇಡು ಮಾಡಿಸುತ್ತಿದ್ದಾರೆ ಅನ್ನಿಸುತ್ತದೆ.

"ಆ ಹಾಡಿನ್ಯಾಗ ಏನಿರ್ತೈತಿ ಹೇಳು?" ಎಂದು ಒಮ್ಮೆ ನನ್ನನ್ನೇ ಕೇಳಿದರು. "ಒಂದ್ ಲಾರಿ ಇರ್ತೈತಿ, ಒಂದ್ ನಾಯಿ ಇರ್ತೈತಿ, ಕುಡಕ ಅಪ್ಪ ಇರ್ತಾನ, ಬಿಟ್ಟು ಹ್ವಾದ ಹೆಂಡ್ತಿ ಇರ್ತಾಳ, ಕೊನೀಗೆ ಅವ್ವ ನೆನಪಾಗ್ತಾಳ. ನಮ್ಮ ಓಣಿ ಕತಿನ ಅಲ್ಲೇನದು? ಬರೇ ಗಿಟಾರ್ ಹಾಕ್ಯಾರ."

ಬೂಟಿನ ಋಣಕ್ಕೆ ನಾನೂ ಬುಧವಾರ ಹೋಗತೊಡಗಿದೆ. ಕಾಪೆಲ್ಲೆಯಿಂದ ಸುಮಾ ಮತ್ತು ಕಿರಣ್ ಎಂಬ ಬೆಂಗಳೂರಿನ ದಂಪತಿ ಬರುತ್ತಿದ್ದರು. ಅವರು ಎರಡೇ ತಿಂಗಳಲ್ಲಿ ಕಲಿತರು. ನಾನು ಎರಡು ವರ್ಷ ಹೋದೆ. ಎಲ್ಲರೂ ಕಿಟಕಿಯ ಕಡೆ ತಿರುಗಿದಾಗ ನಾನು ಬಾಗಿಲ ಕಡೆ ತಿರುಗುತ್ತಿದ್ದೆ. ಎಂಬತ್ತರ ಒಬ್ಬ ಅಜ್ಜಿಗೆ ಮೂರು ಸಲ ಢಿಕ್ಕಿ ಹೊಡೆದ ಮೇಲೆ ನನ್ನನ್ನು ಸಾಲಿನ ತುದಿಗೆ, ಗೋಡೆಯ ಪಕ್ಕಕ್ಕೆ ಹಾಕಿದರು. ಗೋಡೆ ತಡೆದುಕೊಂಡಿತು.

ಹೆಜ್ಜೆ ಬಾರದವನು ಏನು ಮಾಡಬೇಕು? ನಾನು ಹಾಜರಿ ಬರೆದುಕೊಂಡೆ, ಕುರ್ಚಿ ಜೋಡಿಸಿದೆ, ವಾಟ್ಸಾಪ್ ಗುಂಪು ತೆರೆದೆ. ಇದು ನನ್ನ ಹಳೆಯ ಚಾಳಿ. ಕಾಲೇಜಿನಲ್ಲೂ ಅಷ್ಟೇ, ಪ್ರವಾಸ ಎಲ್ಲಿಗಾದರೂ ಬಸ್ಸು ಗೊತ್ತು ಮಾಡುವವನು ನಾನೇ. ಯಾರೂ ನನ್ನನ್ನು 'ಬಾರೋ' ಎಂದು ಕರೆದ ನೆನಪಿಲ್ಲ. ಆದರೆ ಬಸ್ಸು ಗೊತ್ತು ಮಾಡಿದವನನ್ನು ಬಿಟ್ಟು ಹೋಗಲು ಯಾರಿಗೂ ಧೈರ್ಯ ಬರುವುದಿಲ್ಲ. ಆಮ್ಸ್ಟರ್‌ಡ್ಯಾಮ್‌ನ ಬ್ಯಾಂಕಿನಲ್ಲಿ ಈಗ ನನಗೆ ಸಂಬಳ ಬರುವುದೂ ಇದೇ ಕೆಲಸಕ್ಕೆ.

ಒಂದು ಅಕ್ಟೋಬರ್‌ನಲ್ಲಿ, ಕುಣಿತ ಮುಗಿದು ಎಲ್ಲರೂ ಕಾಫಿ ಮತ್ತು ತಲೆಗೊಂದು ಬಿಸ್ಕತ್ತು ಹಿಡಿದು ಕೂತಿದ್ದಾಗ ಶಾಂತಕ್ಕ ಮಾತು ತೆಗೆದರು. "ಮುಂದಿನ ಸೆಪ್ಟೆಂಬರದಾಗ ನನ್ನ ಮೊಣಕಾಲಿನ ಆಪರೇಶನ್ ಐತಿ. ಆಮ್ಯಾಲ ಕುಣೀತೀನೋ ಇಲ್ಲೋ, ಡಾಕ್ಟರಿಗೂ ಗೊತ್ತಿಲ್ಲ. ಅದಕ್ಕಿಂತ ಮೊದ್ಲ ಅಮೆರಿಕಾದ ಆ ನ್ಯಾಶ್‌ವಿಲ್‌ಗೆ ಹೋಗಿ ಒಮ್ಮೆ ಕುಣದು ಬರಬೇಕು. ಇಡೀ ಬೀದಿ ತುಂಬ ಹಾಡತಾರಂತ ಅಲ್ಲಿ, ಒಂದ್ ಬಾಗಲಾ ಬಿಟ್ಟು ಒಂದ್ ಬಾಗಲಾ. ಮಾಮಾಗ ವಿಮಾನ ಅಂದ್ರ ಆಗೂದಿಲ್ಲ. ನೀವ್ ಯಾರ್ ಬರ್ತೀರಿ?"

ಸುಮಾ, ಕಿರಣ್ "ಖಂಡಿತ ಬರ್ತೀವಿ" ಎಂದರು. ನಾನು "ಪ್ಲಾನ್ ನನಗೆ ಬಿಡಿ" ಎಂದೆ. ಬರುತ್ತೇನೆ ಎನ್ನಲಿಲ್ಲ, ಗಮನಿಸಿ. ಪ್ಲಾನ್ ನನಗೆ ಬಿಡಿ.

ಅಲ್ಲಿಂದ ಏಳು ತಿಂಗಳು ನಾನು ಆ ಮೂವರ ಜೀವ ತಿಂದೆ. ಎಕ್ಸೆಲ್‌ನಲ್ಲಿ ಹನ್ನೊಂದು ಹಾಳೆ. ಐದು ದಿನದ ಪ್ರವಾಸಕ್ಕೆ ಅರ್ಧರ್ಧ ಗಂಟೆಯ ಲೆಕ್ಕ. ಮಳೆ ಬಂದರೆ ಏನು, ಹೋಟೆಲಿನ ಲಿಫ್ಟ್ ಕೆಟ್ಟರೆ ಏನು, ಸಸ್ಯಾಹಾರ ಸಿಗದಿದ್ದರೆ ಯಾರ ಚೀಲದಲ್ಲಿ ಎಷ್ಟು ಚಕ್ಕುಲಿ, ಎಲ್ಲಕ್ಕೂ ಒಂದೊಂದು ಕೋಷ್ಟಕ. ಪ್ರತಿ ಭಾನುವಾರ ವಿಡಿಯೋ ಸಭೆ. ಶಾಂತಕ್ಕ ಪ್ರತಿ ಸಭೆಯಲ್ಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಇದರಾಗ ಕುಣಿಯೂದು ಎಲ್ಲೈತಿ?"

"ಹಾಳೆ ಏಳು ಅಕ್ಕ. ಮೂರನೇ ದಿನ, ಮಧ್ಯಾಹ್ನ ನಾಲ್ಕರಿಂದ ನಾಲ್ಕೂಮುಕ್ಕಾಲು."

"ಮುಕ್ಕಾಲು ತಾಸು ಕುಣಿಯಾಕ ಅಷ್ಟು ದೂರ ಹೋಗೂದೇನು?"

"ಉಳಿದ ಸಮಯ ಸಂಗೀತ ಮ್ಯೂಸಿಯಂ ಇದೆಯಲ್ಲ, ಅಕ್ಕ."

ವಿದ್ಯಾ ಮೊದಲ ದಿನವೇ ಕೈ ಮುಗಿದಿದ್ದಳು. "ನಂಗೆ ಆ ಹಾಡೂ ಬೇಡ, ನಿನ್ನ ಎಕ್ಸೆಲ್ಲೂ ಬೇಡ. ಐದು ದಿನ ಮನೆ ನನ್ನ ಪಾಲಿಗಿರುತ್ತೆ, ಅದೇ ನನ್ನ ಪ್ರವಾಸ" ಎಂದಿದ್ದಳು.

ನನಗೆ ಹೆಮ್ಮೆ ಇದ್ದದ್ದು ಒಂಬತ್ತನೇ ಹಾಳೆಯ ಮೇಲೆ. ಅಮೆರಿಕದ ವೀಸಾಕ್ಕೆ ಬೇಕಾದ ಎಲ್ಲವೂ ಅದರಲ್ಲಿ. ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ, ಇಲ್ಲಿನ ವಾಸದ ಪರವಾನಗಿ ಯಾವಾಗ ಮುಗಿಯುತ್ತದೆ, ಮುಗಿಯಲು ಆರು ತಿಂಗಳಿದ್ದರೆ ಹಳದಿ, ಮೂರಿದ್ದರೆ ಕೆಂಪು. ಸುಮಾಳ ಹೆಸರು ಹಳದಿಯಾದಾಗ ಅವಳಿಗೆ ದಿನಕ್ಕೆರಡು ಸಲ ಫೋನು ಮಾಡಿ ಪರವಾನಗಿ ನವೀಕರಿಸುವವರೆಗೆ ಬಿಡಲಿಲ್ಲ.

ವೀಸಾ ಸಂದರ್ಶನ ಆಮ್ಸ್ಟರ್‌ಡ್ಯಾಮ್‌ನಲ್ಲಿ, ನಾಲ್ವರಿಗೂ ಒಂದೇ ದಿನ. ಹಿಂದಿನ ಭಾನುವಾರ ತರಬೇತಿ ಕೊಟ್ಟೆ. ಏನು ಕೇಳಿದರೂ ಚುಟುಕಾಗಿ ಉತ್ತರಿಸಿ, ಕುಣಿತದ ವಿಷಯ ಎತ್ತಲೇಬೇಡಿ, ಪ್ರೇಕ್ಷಣೀಯ ಸ್ಥಳ ಎನ್ನಿ, ಎಂದು ಅಕ್ಕನಿಗೆ ಬೇರೆಯಾಗಿ ಹೇಳಿದೆ. ಅಕ್ಕ ಕಿಟಕಿಯ ಮುಂದೆ ನಿಂತು, ಯಾಕೆ ಹೋಗುತ್ತೀರಿ ಎಂದದ್ದಕ್ಕೆ ಕುಣಿಯಲು ಎಂದರು. ಒಳಗಿದ್ದ ಅಧಿಕಾರಿ ನಂಬದೆ ನೋಡಿರಬೇಕು. ಸೀರೆಯ ನೆರಿಗೆ ಒಂದಿಷ್ಟು ಎತ್ತಿ ಅಲ್ಲೇ ನಾಲ್ಕು ಹೆಜ್ಜೆ ಹಾಕಿ ತೋರಿಸಿದರು. ಎರಡು ನಿಮಿಷದಲ್ಲಿ ವೀಸಾ ಸಿಕ್ಕಿತು. ಸುಮಾ, ಕಿರಣ್ ಇಬ್ಬರಿಗೂ ಸಿಕ್ಕಿತು.

ನನ್ನ ಸರದಿ ಬಂತು. ಇಟ್ಟಿಗೆ ಗಾತ್ರದ ಕಡತ ಕಿಟಕಿಯ ಮುಂದೆ ಇಟ್ಟೆ. ಆ ಮನುಷ್ಯ ಅದನ್ನು ಮುಟ್ಟದೆ ವಾಸದ ಪರವಾನಗಿಯ ಕಾರ್ಡು ಮಾತ್ರ ಕೇಳಿದ. ನೋಡಿದ. ತಿರುಗಿಸಿ ನನಗೇ ತೋರಿಸಿದ. ಇನ್ನು ಹನ್ನೊಂದು ದಿನಕ್ಕೆ ಅದು ಮುಗಿಯುತ್ತಿತ್ತು.

ಒಂಬತ್ತನೇ ಹಾಳೆಯಲ್ಲಿ ಮೂರೇ ಹೆಸರು ಇದ್ದವು. ಪಟ್ಟಿ ಬರೆದ ಮಹಾಶಯ ತನ್ನನ್ನೇ ಬರೆದುಕೊಂಡಿರಲಿಲ್ಲ. ನವೀಕರಣಕ್ಕೆ ಸಹಿ ಹಾಕಿ ಎಂದು ಆಫೀಸಿನವರು ನನಗೆ ಮೂರು ಮೇಲ್ ಕಳಿಸಿದ್ದರು. ಅವು ನ್ಯಾಶ್‌ವಿಲ್ ಹೋಟೆಲುಗಳ ಮೇಲ್‌ಗಳ ಕೆಳಗೆ ತೆರೆಯದೆ ಬಿದ್ದಿದ್ದವು. ಸದ್ಯಕ್ಕೆ ಆಗುವುದಿಲ್ಲ, ಇದನ್ನು ಸರಿಪಡಿಸಿಕೊಂಡು ಮತ್ತೆ ಅರ್ಜಿ ಹಾಕಿ ಎಂದ ಆ ಮನುಷ್ಯ, ಬಹಳ ಸೌಜನ್ಯದಿಂದಲೇ. ಪ್ರವಾಸಕ್ಕೆ ಉಳಿದಿದ್ದದ್ದು ಒಂದು ತಿಂಗಳು.

ನಾಲ್ವರೂ ಹತ್ತಿರದ ಒಂದು ಕೆಫೆಯಲ್ಲಿ ಕೂತೆವು. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ನನಗೆ ಹುಟ್ಟಿನಿಂದಲೇ ಗೊತ್ತು. ದೊಡ್ಡ ಮನುಷ್ಯನ ಮುಖ ಮಾಡಿಕೊಂಡು, "ನೀವೆಲ್ಲ ಹೋಗಿ ಬನ್ನಿ. ನನಗೇನೂ ಬೇಜಾರಿಲ್ಲ" ಎಂದೆ.

ಸುಮಾ ತಕ್ಷಣ, "ಛೆ, ನೀವಿಲ್ದೆ ಹೆಂಗ್ ಹೋಗೋದು ರಘು?" ಎಂದಳು. ಕಿರಣ್, "ಕ್ಯಾನ್ಸಲ್ ಮಾಡೋಣ, next year ನೋಡೋಣ" ಎಂದ. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಇನ್ನೊಂದು ಸಲ ನಾನು 'ಬೇಡಪ್ಪ, ಹೋಗಿ' ಎನ್ನುವುದು, ಅವರು ಇನ್ನೊಂದು ಸಲ ಒಲ್ಲೆ ಎನ್ನುವುದು, ಅಲ್ಲಿಗೆ ಪ್ರವಾಸ ನಿಂತಂತೆ. ನನಗೆ ಬೇಕಾಗಿದ್ದೂ ಅದೇ. ಅಕ್ಕನ ಮೊಣಕಾಲು ಆ ಕ್ಷಣಕ್ಕೆ ನನ್ನ ನೆನಪಿಗೆ ಬರಲೇ ಇಲ್ಲ.

ಶಾಂತಕ್ಕ ಕಾಫಿ ಕಲಕುವುದು ನಿಲ್ಲಿಸಿದರು. "ಖರೇನ ಹೇಳಾಕತ್ತೀಯೇನು?"

"ನಿಜವಾಗ್ಲೂ, ಅಕ್ಕ."

"ಇನ್ನೊಮ್ಮೆ ಕೇಳ್ತೀನಿ ನೋಡು. ನಾವು ಹೋಗಿ ಬರೂದೇನು?"

"ಹೋಗಿ ಬನ್ನಿ ಅಕ್ಕ."

"ಆತು. ಹೋಗಿ ಬರ್ತೀವಿ" ಎಂದು ಅವರು ಕಾಫಿ ಕುಡಿದು ಮುಗಿಸಿದರು.

ಹೋದರು. ನಾನು ಆಫೀಸಿನಲ್ಲಿ ಕೂತು ಫೋನಿನಲ್ಲಿ ಅಲ್ಲಿಯ ಗಡಿಯಾರ ಇಟ್ಟುಕೊಂಡು 'ನೀವೀಗ ಹಾಳೆ ನಾಲ್ಕರಲ್ಲಿ ಇರಬೇಕು' ಎಂದು ಸಂದೇಶ ಕಳಿಸಿದೆ. ಉತ್ತರವಾಗಿ ಮೂರು ಟೋಪಿಗಳ ಚಿತ್ರ ಬಂತು, ಕೆಳಗೆ 'ಮಿಸ್ ಯೂ ರಘು'. ಆ ಎಕ್ಸೆಲ್ ಕಡತವನ್ನು ಯಾರು ಯಾರು ತೆರೆದಿದ್ದಾರೆ ಎಂದು ನೋಡಿದೆ. ಐದು ದಿನದಲ್ಲಿ ತೆರೆದವನು ನಾನೊಬ್ಬನೇ, ಇಪ್ಪತ್ತಾರು ಸಲ.

ಬಂದ ಮೇಲೆ ಸುಮಾ, "ನೀವಿಲ್ದೆ ಏನೂ ಮಜಾನೇ ಬರ್ಲಿಲ್ಲ" ಎಂದು ಹೇಳಿ ಮಜಾ ಬಂದ ನಾನೂರು ಫೋಟೋ ತೋರಿಸಿದಳು. ಶಾಂತಕ್ಕ ಅಷ್ಟೂ ಹೇಳಲಿಲ್ಲ. "ಭಾಳ ಚಲೋ ಆತು. ಮೂರು ದಿನ ಕುಣದೆ. ಮೊಣಕಾಲು ಕುಂಬಳಕಾಯಿ ಆಗಿತ್ತು. ಆದ್ರೂ ಕುಣದೆ" ಎಂದರು. ನಾನು ಕಾದೆ. ನನ್ನ ಬಗ್ಗೆ ಒಂದು ಮಾತು ಬರಲಿಲ್ಲ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನೋವಾಯಿತು. ಏಳು ತಿಂಗಳು ದುಡಿದವನು ಇಲ್ಲದಿದ್ದರೂ ಒಂದು ಕೊರತೆ ಕಾಣಲಿಲ್ಲವಲ್ಲ ಈ ಹೆಂಗಸಿಗೆ ಎಂದು ಬುಧವಾರಗಳಿಗೆ ಹೋಗುವುದನ್ನೇ ಬಿಟ್ಟೆ. ಯಾಕೆ ಬರಲೊಲ್ಲಿ ಎಂದು ಕೇಳಿದರೆ ಕೆಲಸ ಎಂದೆ. "ಹೌದೇನು" ಎಂದು ಅದನ್ನೂ ನಂಬಿದರು.

ಆಪರೇಶನ್ ಆಯಿತು. ಕಾಲು ನಡೆಯಲು ಬಂತು, ಕುಣಿಯಲು ಬರಲಿಲ್ಲ. ಮುಂದಿನ ಚಳಿಗಾಲದಲ್ಲಿ ಮಾಮನಿಗೆ ಗ್ರೋನಿಂಗನ್‌ನಲ್ಲಿ ಕೆಲಸ ಸಿಕ್ಕಿ ಮನೆ ಖಾಲಿ ಮಾಡಿದರು. ಇಲ್ಲಿಂದ ರೈಲಿನಲ್ಲಿ ಎರಡೂವರೆ ಗಂಟೆ. ಈ ದೇಶದಲ್ಲಿ ಅದು ಸಪ್ತಸಮುದ್ರದಾಚೆ. ನಾನಂತೂ ಇನ್ನೂ ಹೋಗಿಲ್ಲ. ಹಾಗಾಗಿ ಅವರನ್ನು ಕಡೆಯ ಸಲ ನೋಡಿದ್ದು ಅವತ್ತು, ಸಾಮಾನು ಸಾಗಿಸಲು ಹೋದಾಗ. ರಟ್ಟಿನ ಡಬ್ಬಿಗಳ ಮೇಲೆ ನಂಬರ್ ಬರೆಯುವ ಕೆಲಸ ಯಾರೂ ಕೇಳದೆಯೇ ವಹಿಸಿಕೊಂಡಿದ್ದೆ.

ಅಡುಗೆಮನೆಯಲ್ಲಿ ಇಬ್ಬರೇ ಉಳಿದಿದ್ದೆವು. ಅಕ್ಕ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದರು. ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ, ಹೇಳಿಬಿಟ್ಟೆ.

"ಅಕ್ಕ, ಅವತ್ತು ಕೆಫೆಯಲ್ಲಿ ಹೋಗಿ ಬನ್ನಿ ಅಂದೆನಲ್ಲ, ಅದು ಸುಳ್ಳು. ನೀವ್ಯಾರೂ ಹೋಗಬಾರದು ಅಂತಲೇ ಇತ್ತು ನನಗೆ."

"ಗೊತ್ತಿತ್ತು."

"ಗೊತ್ತಿದ್ದೂ ಹೋದ್ರಾ?"

"ಎರಡು ಸಲ ಕೇಳಿದ್ನಲ್ಲೋ ತಮ್ಮಾ." ಅವರು ಕೈಲಿದ್ದ ಪಾತ್ರೆ ಕೆಳಗಿಟ್ಟರು. "ಬ್ಯಾಡಕ್ಕ ಅಂತ ಒಂದ್ ಮಾತು ಅಂದಿದ್ರ ಕುಂತು ಬಿಡ್ತಿದ್ದೆ."

"ಕುಣಿಯೋದು ಬಿಟ್ಟು?"

"ಹೂಂ. ಬಿಟ್ಟು."

ಬೇರೆ ಯಾರೇ ಹೇಳಿದ್ದರೂ ಉಪಚಾರಕ್ಕೆ ಹೇಳುತ್ತಿದ್ದಾರೆ ಎಂದು ನಾನು ನಂಬುತ್ತಿರಲಿಲ್ಲ. ಹೇಳಿದವರು ಶಾಂತಕ್ಕ. ಖಾಲಿ ಅಡುಗೆಮನೆಯಲ್ಲಿ ನಿಂತು, ಮಾರ್ಕರ್ ಪೆನ್ನು ಕೈಲಿ ಹಿಡಿದುಕೊಂಡೇ ಅತ್ತುಬಿಟ್ಟೆ.